ಉಪ್ಪಿನ ಸಾಹೇಬರ ಹಕ್ಕಿಗಳು

ಕಾರವಾರದ ಕೋಡಿಬಾಗದಲ್ಲಿ ದೋಣಿಯನ್ನೇರಿ ಕಾಳೀನದಿಯ ಅಳಿವೆಯನ್ನು ದಾಟಿದರೆ ದೇವಬಾಗದ ಮರಳು ಕಾಲಿಗೆ ತಗಲುತ್ತದೆ. ಬಲಗಡೆಗೆ ಸದಾಶಿವಗಡದ ಗುಡ್ಡ, ಎಡಗಡೆಗೆ ಕಡಲು, ಕಡಲಿನಾಚೆ ಕೂರ್ಮಗಡ ದ್ವೀಪದ ಮಸುಕು ರೇಖೆ. ದಂಡೆಯುದ್ದಕ್ಕೂ ಬೆಳೆದ ಗಾಳಿಮರಗಳ ಸುಯ್ಯೆಂಬ ಸದ್ದು ಹಗಲಿರುಳೂ ನಿಲ್ಲುವುದಿಲ್ಲ. ಚಳಿಗಾಲದ ಒಂದು ಮುಂಜಾವದಲ್ಲಿ ನಾವು ಅಲ್ಲಿಗೆ ಹೋದಾಗ, ಎತ್ತರದ ಮರವೊಂದರ ತುದಿಯಲ್ಲಿ ಬಿಳಿಹೊಟ್ಟೆಯ ಕಡಲ ಹದ್ದಿನ ಗೂಡಿತ್ತು. ಹಕ್ಕಿಯು ಗೂಡಿನಂಚಿನಲ್ಲಿ ಕಲ್ಲಿನ ವಿಗ್ರಹದಂತೆ ಕುಳಿತಿತ್ತು. ಬುಡದಲ್ಲಿ ಐದಾರು ಮಂದಿ ಛಾಯಾಗ್ರಾಹಕರು, ಮೊಳಕ್ಕಿಂತಲೂ ಉದ್ದನೆಯ ಮಸೂರಗಳನ್ನು ಮುಕ್ಕಾಲಿಗಳ ಮೇಲೆ ನಿಲ್ಲಿಸಿಕೊಂಡು, ಮುಖವನ್ನು ಮೇಲಕ್ಕೆತ್ತಿ ನಿಂತಿದ್ದರು. ಅರ್ಧ ತಾಸು ಕಳೆದರೂ ಹಕ್ಕಿ ಏಳಲಿಲ್ಲ. ಕುಳಿತ ಹಕ್ಕಿಯ ಚಿತ್ರ ಎಲ್ಲರಲ್ಲಿಯೂ ಇರುತ್ತದೆ. ಬೇಕಾದದ್ದು ರೆಕ್ಕೆ ಬಿಚ್ಚಿದ ಹಕ್ಕಿ. ಅವರಲ್ಲೊಬ್ಬರು ಎರಡೂ ಕೈಗಳನ್ನು ಜೋಡಿಸಿ ಜೋರಾಗಿ ಚಪ್ಪಾಳೆ ತಟ್ಟಿದರು. ಹಕ್ಕಿ ಎದ್ದಿತು. ಕ್ಯಾಮರಾಗಳು ಕಟಕಟನೆ ಸದ್ದು ಮಾಡಿದವು.

ಆ ಸದ್ದನ್ನು ಕೇಳುತ್ತ ನಮಗೆ ನೆನಪಾದವರು, ಸುಮಾರು 140 ವರ್ಷಗಳ ಹಿಂದೆ ಇದೇ ಅಳಿವೆಯ ಸುತ್ತ ಸರಕಾರೀ ಕೆಲಸದ ನಿಮಿತ್ತ ತಿರುಗಾಡಿದ ಒಬ್ಬ ಉಪ್ಪಿನ ಸಾಹೇಬರು. ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್ ಎಂಬುದು ಅವರ ಹೆಸರು. ಇಂಗ್ಲಿಷ್ ಓದುಗರಿಗೆ ಅವರು ಪರಿಚಿತರಾದುದು ಆ ಹೆಸರಿನ ಮೂರು ಮೊದಲಕ್ಷರಗಳಿಂದ: ಇ.ಎಚ್.ಎ. ಆ ಅಕ್ಷರಗಳನ್ನು ಕೂಡಿಸಿ ಓದಿದರೆ ನಮ್ಮ ಕಿವಿಗೆ ಇಹ ಎಂದೇ ಕೇಳಿಸುತ್ತದೆ. ಪಾದ್ರಿಯ ಮಗನಾಗಿ ಹುಟ್ಟಿ, ಕೊನೆಯವರೆಗೂ ಪರಲೋಕದಲ್ಲಿ ದೃಢವಾದ ನಂಬಿಕೆಯನ್ನಿಟ್ಟುಕೊಂಡಿದ್ದವರು ತಮಗರಿಯದೆಯೇ ಇಹ ಎಂಬ ಅಂಕಿತವನ್ನು ಧರಿಸಿದರಲ್ಲ ಎಂದು ಕನ್ನಡಿಗನಿಗೆ ನಗು ಬರಬಹುದು. ಆದರೆ ಅವರ ಪುಸ್ತಕಗಳನ್ನು ಓದಿದವನಿಗೆ ಆ ಹೆಸರು ಸಲ್ಲುವಂಥದೇ ಎಂದು ತೋರುತ್ತದೆ.

ಅವರು ಹುಟ್ಟಿದ್ದು 1851ರ ಆಗಸ್ಟ್ 16ರಂದು, ಸಾತಾರೆಯಲ್ಲಿ. ತಂದೆ ಸ್ಕಾಟ್ಲೆಂಡಿನ ಫ್ರೀ ಚರ್ಚಿನ ಪಾದ್ರಿ. ಆ ಕಾಲದ ಆಂಗ್ಲ ಮಕ್ಕಳನ್ನು ಏಳೆಂಟು ವರ್ಷ ತುಂಬುತ್ತಲೆ ಹಡಗು ಹತ್ತಿಸಿ ವಿಲಾಯತಿಗೆ ಕಳುಹುವ ಪದ್ಧತಿಯಿತ್ತು. ಏಟ್ಕನ್ನರಿಗೆ ಆ ಯೋಗವಿರಲಿಲ್ಲ. ಅಥವಾ ಅದರಿಂದ ಪಾರಾದರು ಎನ್ನೋಣ. ತಂದೆಯಿಂದಲೇ ಪಾಠವನ್ನು ಕಲಿತು, ಮುಂಬಯಿ ಪುಣೆಗಳಲ್ಲಿ ವ್ಯಾಸಂಗ ಮಾಡಿ, ಮುಂಬಯಿ ವಿಶ್ವವಿದ್ಯಾಲಯದ ಪದವಿಗಳನ್ನು ಪಡೆದರು. 1870ರಿಂದ 1876ರವರೆಗೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಲ್ಯಾಟಿನ್ ಭಾಷೆಯನ್ನು ಕಲಿಸಿದರು. ಅನಂತರ ಸುಂಕ ಮತ್ತು ಉಪ್ಪಿನ ಇಲಾಖೆಯನ್ನು ಸೇರಿದರು. ಲ್ಯಾಟಿನ್ ಪಂಡಿತನೊಬ್ಬ ಉಪ್ಪಿನ ಮೂಟೆಗಳ ಲೆಕ್ಕಕ್ಕೆ ಇಳಿದದ್ದು ಅವನತಿಯೆಂದು ಅಂದಿನವರು ಭಾವಿಸಿರಬಹುದು. ಅವರಿಗಾದರೋ ಅದೇ ವರವಾಯಿತು. ಉಪ್ಪಿನ ಅಧಿಕಾರಿಯ ಕೆಲಸವೆಂದರೆ ಊರಿನ ಹೊರಗೆ ಬದುಕುವ ಕೆಲಸ.

ಕಛ್ಛದ ರಣದ ಅಂಚಿನ ಖಾರಾಘೋಡಾ ಎಂಬ ಉಪ್ಪಿನ ನೆಲದಲ್ಲಿ, ಹಸುರೆಂಬುದೇ ಕಾಣದ ಬಯಲಿನಲ್ಲಿ, ಅವರಿಗೆ ದೊರೆತ ಸಂಗಾತಿಗಳು ಬಂಗಲೆಯ ಇಲಿ, ಕಾಗೆ, ಇರುವೆ, ಕಪ್ಪೆಗಳು. ಅವುಗಳ ವರ್ತನೆಯನ್ನೇ ವಿಷಯವಾಗಿಟ್ಟುಕೊಂಡು 1883ರಲ್ಲಿ ಅವರು ಹೊರತಂದ ಹಾಸ್ಯಗ್ರಂಥ ದಿ ಟ್ರೈಬ್ಸ್ ಆನ್ ಮೈ ಫ್ರಾಂಟಿಯರ್. ಗಡಿನಾಡಿನ ಬುಡಕಟ್ಟುಗಳ ಮೇಲೆ ದಂಡೆತ್ತಿ ಹೋದ ಸೇನಾಧಿಕಾರಿಗಳು ಬರೆಯುತ್ತಿದ್ದ ಗಂಭೀರ ಗ್ರಂಥಗಳನ್ನು ಅಣಕಿಸುವ ಹೆಸರದು. ಆ ಒಂದೇ ಪುಸ್ತಕದಿಂದ ಅವರು ಹಿಂದುಸ್ಥಾನದ ಆಂಗ್ಲ ಮನೆಗಳಲ್ಲೆಲ್ಲ ಮನೆಮಾತಾದರು.

ಅದೇ ವರ್ಷದ ಸೆಪ್ಟೆಂಬರ್ 15ರಂದು ಮುಂಬಯಿಯ ಬೈಕುಲಾದ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಎಂಟು ಮಂದಿ ಕೂಡಿದರು. ತಾವು ಕಂಡದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು, ಸಂಗ್ರಹಿಸಿದ್ದನ್ನು ತೋರಿಸಬೇಕು ಎಂಬುದಷ್ಟೇ ಉದ್ದೇಶ. ಆ ಎಂಟು ಮಂದಿಯಲ್ಲಿ ಏಟ್ಕನ್ ಒಬ್ಬರು. ಪ್ರಾರ್ಥನಾ ಸಮಾಜದ ಡಾಕ್ಟರ್ ಆತ್ಮಾರಾಮ ಪಾಂಡುರಂಗ, ಸಸ್ಯಶಾಸ್ತ್ರವನ್ನು ಬಲ್ಲ ಡಾಕ್ಟರ್ ಸಖಾರಾಮ ಅರ್ಜುನ ಎಂಬ ನಮ್ಮವರಿಬ್ಬರು. ಹೀಗೆ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಮೊದಲ ಗೌರವ ಕಾರ್ಯದರ್ಶಿಯಾಗಿ 1886ರವರೆಗೆ ದುಡಿದವರು ಏಟ್ಕನ್ನರೇ. ಸಂಸ್ಥೆಯ ಪತ್ರಿಕೆ ಆ ವರ್ಷ ಹೊರಟಾಗ ಸ್ಟರ್ನ್‌ಡೇಲ್ ಅವರೊಡನೆ ಸಂಪಾದಕತ್ವವನ್ನೂ ವಹಿಸಿದರು. ಆ ಪತ್ರಿಕೆ ಇಂದಿಗೂ ನಡೆಯುತ್ತಿದೆ.

ಇನ್ನು ಕಾರವಾರ. 1862ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಕಾರವಾರ ಜಿಲ್ಲೆಯ ಮುಖ್ಯ ಪಟ್ಟಣವಾಯಿತು. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ 1883ರಲ್ಲಿ ತರುಣ ರವೀಂದ್ರನಾಥ ಠಾಕೂರರು ಬಂದು, ಕಡಲನ್ನೂ ಕಾಳಿಯನ್ನೂ ಕಂಡು ನಾಟಕವೊಂದನ್ನು ಬರೆದ ಸಂಗತಿ ವಾಚಕರಿಗೆ ತಿಳಿದೇ ಇದೆ. ಅದೇ ದಶಕದಲ್ಲಿ ಏಟ್ಕನ್ನರಿಗೂ ಈ ಜಿಲ್ಲೆಯ ಋಣ ತಗಲಿತು. ಗೋವೆಯ ಗಡಿ ಕೂಗಳತೆಯಲ್ಲಿ. ಸುಂಕ ತೆರದ ಉಪ್ಪು, ಸಾರಾಯಿಗಳು ರಾತ್ರೋರಾತ್ರಿ ಗಡಿಯನ್ನು ದಾಟದಂತೆ ಕಾಯುವುದು ಇಲಾಖೆಯ ಹೊಣೆ. ಕಾಡಿನ ನಾಕೆಗಳನ್ನೂ ಅಳಿವೆಗಳನ್ನೂ ಸುತ್ತುತ್ತಿದ್ದ ಅಧಿಕಾರಿಗೆ ಸಿಕ್ಕಷ್ಟು ಏಕಾಂತವು ಸಂನ್ಯಾಸಿಗೂ ಸಿಗಲಾರದು. ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಹಕ್ಕಿ ಚಿಟ್ಟೆಗಳಲ್ಲಿ ಇಷ್ಟು ದಯೆಯನ್ನು ತೋರಿದ ಈ ಸಜ್ಜನರು ಹೊಟ್ಟೆ ಹೊರೆಯುತ್ತಿದ್ದುದು ಬಡವನ ಗಂಜಿಯ ಉಪ್ಪಿನ ಮೇಲಿನ ಕರದಿಂದ. ಅದೇ ಕರವನ್ನು ಧಿಕ್ಕರಿಸಿ 1930ರಲ್ಲಿ ಅಂಕೋಲೆಯ ಜನ ಕಡಲ ದಂಡೆಗೆ ನಡೆದರು.

ಕಾರವಾರದಲ್ಲಿ ಅವರಿಗೆ ಇಬ್ಬರು ಜೊತೆಗಾರರು ದೊರೆತರು. ಒಬ್ಬರು ಜಿಲ್ಲೆಯ ಕಲೆಕ್ಟರ್ ಜೇಮ್ಸ್ ಡೇವಿಡ್‌ಸನ್; ಇನ್ನೊಬ್ಬರು ಅರಣ್ಯ ಇಲಾಖೆಯ ತರುಣ ಟಿ.ಆರ್. ಬೆಲ್. ಈ ಮೂವರೂ ಕೂಡಿ ಉತ್ತರ ಕನ್ನಡದ ಚಿಟ್ಟೆಗಳನ್ನು ಅಭ್ಯಸಿಸಿದ ಬಗೆ ಅಂದಿಗೆ ಹೊಸದು. ಚಿಟ್ಟೆಯನ್ನು ಬಲೆಯಲ್ಲಿ ಹಿಡಿದು ಸೂಜಿಗೆ ಸಿಕ್ಕಿಸಿದರೆ ಅದರ ಅಂಗಿ ಮಾತ್ರ ಕೈಗೆ ಬಂದಂತೆ ಎಂಬುದನ್ನು ಅವರು ಬೇಗನೆ ಕಂಡುಕೊಂಡರು. ತಾಯಿ ಯಾವ ಗಿಡದ ಮೇಲೆ ಮೊಟ್ಟೆಯಿಡುತ್ತದೆ, ಮರಿಹುಳು ಯಾವ ಎಲೆಯನ್ನು ತಿನ್ನುತ್ತದೆ, ಪೊರೆ ಎಲ್ಲಿ ಕಟ್ಟುತ್ತದೆ ಎಂದು ಒಂದೊಂದನ್ನೂ ಸಾಕಿ ನೋಡಿದರು. 1890ರಲ್ಲಿಯೂ, ಮತ್ತೆ 1896–97ರಲ್ಲಿಯೂ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಆ ಲೇಖನಗಳು ಇಂದಿಗೂ ವಿದ್ವಾಂಸರಿಗೆ ಬೇಕಾಗಿವೆ. ಹಾಗೆಂದು ಅವರ ಸೂಜಿಗೆ ಚಿಟ್ಟೆಗಳು ಸಿಕ್ಕಲಿಲ್ಲವೆಂದಲ್ಲ. ಸಿಕ್ಕವು, ರಾಶಿ ರಾಶಿಯಾಗಿ ಸಿಕ್ಕವು. ಅದು ಸಂಗ್ರಹದ ಯುಗ. ಹಕ್ಕಿಯೆಂದರೆ ಬಂದೂಕಿನ ಛರೆ, ಚರ್ಮ ಸುಲಿದು ಹತ್ತಿ ತುಂಬಿದ ದೇಹ, ಕಾಲಿಗೆ ಕಟ್ಟಿದ ಚೀಟಿ. ಗೂಡೆಂದರೆ ಒಳಗಿನ ಸಾರವನ್ನು ಊದಿ ತೆಗೆದ ಮೊಟ್ಟೆಯ ಚಿಪ್ಪು. 1898ರಲ್ಲಿ ಉತ್ತರ ಕನ್ನಡದ ಹಕ್ಕಿಗಳನ್ನು ಕುರಿತು ವಿಸ್ತಾರವಾಗಿ ಬರೆದ ಡೇವಿಡ್‌ಸನ್ನರೂ ಮೊಟ್ಟೆಗಳ ಸಂಗ್ರಾಹಕರೇ. ಇದರಲ್ಲಿ ಅವರಾರಿಗೂ ಪಾಪಪ್ರಜ್ಞೆ ಇದ್ದಂತೆ ತೋರುವುದಿಲ್ಲ. 1887ರ ಕಾನೂನು ಕೂಡ ಮರಿಮಾಡುವ ಕಾಲದಲ್ಲಿ ಪಟ್ಟಣಗಳಲ್ಲಿ ಕೆಲವು ಹಕ್ಕಿಗಳನ್ನು ಮಾರಕೂಡದೆಂದು ಹೇಳಿತೇ ಹೊರತು ಕಾಡಿನ ಗೂಡಿನ ತಂಟೆಗೆ ಹೋಗಲಿಲ್ಲ.

ಆ ಯುಗದ ಮಂದಿಯ ನಡುವೆ ನಿಂತು ನೋಡಿದಾಗ ಏಟ್ಕನ್ನರ 1894ರ ಪುಸ್ತಕ ಎ ನ್ಯಾಚುರಲಿಸ್ಟ್ ಆನ್ ದಿ ಪ್ರೌಲ್ ಬೇರೆಯಾಗಿ ಕಾಣುತ್ತದೆ. ಅದು ನಮ್ಮ ಜಿಲ್ಲೆಯ ಕಾಡಿನ ಪುಸ್ತಕ. ಹೆಸರಿಗೆ ಬೇಟೆಯ ಸುಳಿವುಂಟು. ಒಳಗೆ ಇರುವುದು ಹೆಚ್ಚಾಗಿ ಕಾಡಿನಲ್ಲಿ ಸದ್ದಿಲ್ಲದೆ ಅಲೆಯುವವನ, ಎಲ್ಲಿಯಾದರೂ ಕುಳಿತು ಕಾಯುವವನ ಸುಖ. ತಾನು ಬಂದುದರಿಂದ ಕಾಡಿನ ವ್ಯವಹಾರ ನಿಲ್ಲಬಾರದು. ನಿಂತರೆ ನೋಡಲು ಬಂದದ್ದೇ ವ್ಯರ್ಥ. ಅವರ ಇಡೀ ಬರವಣಿಗೆಯ ಬೆನ್ನೆಲುಬು ಇದೆಂದು ನಮಗೆ ತೋರುತ್ತದೆ.

ಅದೇ 1894ರಲ್ಲಿ ಕಾರವಾರದಿಂದ ಮುಂಬಯಿಗೆ ಇನ್ನೊಂದು ವಸ್ತು ಹೋಯಿತು. ಆ ಕಥೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ.

ದೊಡ್ಡ ಮಂಗಟ್ಟೆ ಹಕ್ಕಿಯನ್ನು ದಾಂಡೇಲಿ, ಜೋಯಿಡಾ ಕಡೆಯವರು ಬಲ್ಲರು. ಅದರ ರೆಕ್ಕೆಯ ಸದ್ದು ಉಗಿಬಂಡಿಯ ಉಸಿರಿನಂತೆ ಕಾಡಿನ ಮೇಲೆ ಹಾದುಹೋಗುತ್ತದೆ. ಮರಿಮಾಡುವ ಕಾಲದಲ್ಲಿ ಹೆಣ್ಣು ಹಳೆಯ ಹೆಮ್ಮರದ ಪೊಟರೆಯನ್ನು ಹೊಕ್ಕು, ತನ್ನ ಮಲದಿಂದಲೇ ಬಾಗಿಲನ್ನು ಗಾರೆ ಮಾಡಿದಂತೆ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ಹೊರಬರುವಷ್ಟು ಸೀಳು. ಒಳಗೆ ಅದರ ರೆಕ್ಕೆಗರಿಗಳು ಉದುರುತ್ತವೆ, ಹಾರಬೇಕೆಂದರೂ ಹಾರಲಾರದು. ವಾರಗಟ್ಟಲೆ ಅದಕ್ಕೂ, ಅನಂತರ ಮರಿಗೂ ಬದುಕೆಂದರೆ ಹೊರಗಿನ ಗಂಡು ತಂದು ಆ ಸೀಳಿನಲ್ಲಿ ಉಣಿಸುವ ಆಲ, ಅತ್ತಿ, ಬಸರಿಯ ಹಣ್ಣು. ಗಂಡು ಬಹಳ ಶಂಕೆಯ ಪ್ರಾಣಿ. ಮರದ ಬುಡದಲ್ಲಿ ಮನುಷ್ಯನು ಕಂಡರೆ ದೂರದ ಕೊಂಬೆಯಲ್ಲಿ ಗಂಟಲುಚೀಲದ ತುಂಬ ಹಣ್ಣನ್ನಿಟ್ಟುಕೊಂಡು ಕುಳಿತೇ ಇರುತ್ತದೆ. ಕೆಳಗಿನವನು ಕಾದಷ್ಟು ಹೊತ್ತೂ ಒಳಗಿನವರಿಗೆ ಉಪವಾಸ. ಒಂದು ಜೋಡಿ ವರ್ಷವರ್ಷವೂ ಅದೇ ಪೊಟರೆಗೆ ಬರುವುದರಿಂದ, ಒಮ್ಮೆ ಗುಟ್ಟು ಹೊರಬಿದ್ದ ಮರಕ್ಕೆ ಮತ್ತೆ ಮರೆ ಎಂಬುದಿಲ್ಲ.

ಅಂಥದೊಂದು ಮರಿ, 1894ರ ಮೇ ತಿಂಗಳಿನಲ್ಲಿ ಹುಟ್ಟಿದುದು, ಮೂರು ತಿಂಗಳ ಬಳಿಕ ಕಾರವಾರದ ಇಂಗಲ್ ಎಂಬವರ ಕಾಣಿಕೆಯಾಗಿ ಮುಂಬಯಿಯ ಸೊಸೈಟಿಯನ್ನು ಸೇರಿತು. ಅಷ್ಟು ಎಳೆಯದಾದುದರಿಂದ ಪೊಟರೆಯಿಂದಲೇ ತೆಗೆದದ್ದಿರಬೇಕು. ಅದಕ್ಕೆ ವಿಲಿಯಂ ಎಂದು ಹೆಸರಿಟ್ಟರು. ಸಂಸ್ಥೆಯ ಕೋಣೆಗಳಲ್ಲಿ ಅದು 1920ರವರೆಗೆ, 26 ವರ್ಷ ಬಾಳಿತು. ಮೂರನೆಯ ವರ್ಷದ ಕೊನೆಗೆ ನಾಲ್ಕೂಕಾಲು ಅಡಿ ಉದ್ದಕ್ಕೆ ಬೆಳೆಯಿತು. ಬಾಳೆಹಣ್ಣು, ಕಾಡು ಅತ್ತಿ, ಇಲಿ, ಚೇಳು, ಹಸಿ ಮಾಂಸ ಎಲ್ಲವನ್ನೂ ತಿನ್ನುತ್ತಿತ್ತು. ನೀರನ್ನು ಮಾತ್ರ ಮುಟ್ಟುತ್ತಿರಲಿಲ್ಲವಂತೆ. 30 ಅಡಿ ದೂರದಿಂದ ಎಸೆದ ಟೆನಿಸ್ ಚೆಂಡನ್ನು ಕೊಕ್ಕಿನಲ್ಲಿ ಹಿಡಿಯುತ್ತಿತ್ತು. ಬಂದವರು ನಕ್ಕು ಮೆಚ್ಚುತ್ತಿದ್ದರು. 1933ರಲ್ಲಿ, ಐವತ್ತನೆಯ ವರ್ಷದ ನೆನಪಿಗೆ, ಅದರ ರೂಪವೇ ಸಂಸ್ಥೆಯ ಲಾಂಛನವಾಯಿತು, ಇಂದಿಗೂ ಅದೇ. ಏಟ್ಕನ್ನರು ಕಾರ್ಯದರ್ಶಿಯ ಸ್ಥಾನವನ್ನು ಬಿಟ್ಟು ಆಗಲೇ ಎಂಟು ವರ್ಷಗಳಾಗಿದ್ದವು. ಈ ಕಾಣಿಕೆಯ ಹೊಣೆ ಅವರದಲ್ಲ. ಆದರೆ ಅವರು ಕಟ್ಟಿದ ಮನೆಯಲ್ಲಿ ನಿಸರ್ಗಪ್ರೇಮಿಗಳು ಪ್ರೀತಿಯಿಂದಲೇ ಹಕ್ಕಿಯೊಂದನ್ನು ಅದರ ಕಾಡಿನಿಂದ ಬಿಡಿಸಿ 26 ವರ್ಷ ಚೆಂಡಾಡಿಸಿದರು. ಪ್ರೀತಿಗೂ ಹಿಂಸೆಗೂ ನಡುವಣ ಗೋಡೆ ಎಷ್ಟು ತೆಳ್ಳಗಿನದು ಎಂಬುದಕ್ಕೆ ನಮ್ಮ ಜಿಲ್ಲೆಯೇ ಕೊಟ್ಟ ಸಾಕ್ಷಿ ವಿಲಿಯಂ.

1900ರಲ್ಲಿ ಏಟ್ಕನ್ನರು ಹೊರತಂದ ಪುಸ್ತಕದ ಹೆಸರು ದಿ ಕಾಮನ್ ಬರ್ಡ್ಸ್ ಆಫ್ ಬಾಂಬೆ. ಕಾಮನ್ ಎಂಬ ಮಾತನ್ನು ವಾಚಕರು ಗಮನಿಸಬೇಕು. ಅಪೂರ್ವವಾದ ಹಕ್ಕಿಯನ್ನು ಮೊದಲು ಹೊಡೆದವನಿಗೆ, ಮೊದಲು ವರ್ಣಿಸಿದವನಿಗೆ ಕೀರ್ತಿ ಬರುತ್ತಿದ್ದ ಕಾಲದಲ್ಲಿ ಅವರು ಹದ್ದು, ರಣಹದ್ದು, ಗೂಬೆ, ಕಾಗೆ, ಗುಬ್ಬಿಗಳನ್ನು ಕುರಿತು ಬರೆದರು. ಆ ವರೆಗಿನ ಪಂಡಿತಗ್ರಂಥಗಳು ಹಕ್ಕಿಯನ್ನು ಗುರುತಿಸಬೇಕಾದರೆ ಅದು ಸತ್ತು ಕೈಯಲ್ಲಿರಬೇಕು ಎಂಬಂತೆ ರೆಕ್ಕೆಯ ಅಂಗುಲವನ್ನೂ ಕೊಕ್ಕಿನ ಗೆರೆಯನ್ನೂ ಅಳೆದು ಹೇಳುತ್ತಿದ್ದವು. ಏಟ್ಕನ್ನರ ಹಕ್ಕಿಗಳಾದರೋ ಬದುಕಿವೆ. ಅವು ನಡೆಯುವ ಠೀವಿ, ಕೂಗುವ ಬಗೆ, ಜಗಳಾಡುವ ರೀತಿಗಳಿಂದ ನಾವು ಅವನ್ನು ಗುರುತಿಸುತ್ತೇವೆ. ಬಂದೂಕಿಲ್ಲದವನೂ ಹಕ್ಕಿಗಳ ವಿದ್ಯಾರ್ಥಿಯಾಗಬಹುದು ಎಂಬ ಬಾಗಿಲು ನಮ್ಮ ದೇಶದಲ್ಲಿ ಬಹುಮಟ್ಟಿಗೆ ಈ ಸಣ್ಣ ಪುಸ್ತಕದಿಂದ ತೆರೆಯಿತು. ಅಪರೂಪದ್ದರ ಹಸಿವು ಇಲ್ಲದವನಿಗೆ ಅವಸರವೂ ಇಲ್ಲ. ಇವತ್ತು ತಪ್ಪಿದ ಗುಬ್ಬಿ ನಾಳೆಯೂ ಬರುತ್ತದೆ. ಗೂಡಿನ ಬುಡದಲ್ಲಿ ಚಪ್ಪಾಳೆ ತಟ್ಟಿಸುವುದು ಆ ಹಸಿವೇ ಎಂದು ನಾವು ತಿಳಿಯುತ್ತೇವೆ.

ಅವರನ್ನು ದೇವತೆಯಾಗಿ ಚಿತ್ರಿಸುವುದು ಈ ಲೇಖಕನ ಉದ್ದೇಶವಲ್ಲ. 1889ರ ಬಿಹೈಂಡ್ ದಿ ಬಂಗಲೋ ಎಂಬ ಪುಸ್ತಕದಲ್ಲಿ ಮನೆಯ ಆಳುಗಳನ್ನು, ಮೊದಲು ಇಲಿ ಕಪ್ಪೆಗಳನ್ನು ನೋಡಿದ ಅದೇ ಕಣ್ಣಿನಿಂದ ನೋಡಿ ನಗಿಸಿದ್ದಾರೆ. ಅಂದು ಬಂಗಲೆಗಳಲ್ಲಿ ಅದನ್ನೋದಿ ನಕ್ಕರು. ಇಂದು ನಮಗೆ ಓದುವಾಗ ನಾಲಗೆಗೆ ಕಹಿ ಹತ್ತುತ್ತದೆ. ಆ ಕಾಲದ ಸಾಹೇಬರುಗಳಿಗೆ ಗೂಡಿನ ಮರವನ್ನು ತೋರಿಸಿದವರು, ಮರ ಹತ್ತಿದವರು, ಯಾವ ಗಿಡಕ್ಕೆ ಯಾವ ಹುಳುವೆಂದು ಬಲ್ಲವರು ಈ ಸೀಮೆಯ ಕುಣಬಿಗಳು, ಗೌಡರು, ಅಂಬಿಗರೇ ಆಗಿರಬೇಕು. ಲೇಖನಗಳ ತಲೆಯ ಮೇಲೆ ಅವರ ಹೆಸರುಗಳಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಗೋವೆಯ ಗಡಿಯ ಸುಂಕದ ನಾಕೆಗಳಲ್ಲಿ ಸಿಪಾಯಿಗಳು ಮಲೇರಿಯದಿಂದ ನರಳುತ್ತಿದ್ದುದರ ಕಾರಣವನ್ನು ಶೋಧಿಸಲು ಸರಕಾರ ಏಟ್ಕನ್ನರನ್ನು ನೇಮಿಸಿತು. ಅವರು ಅಲ್ಲಿ ಹೊಸ ಜಾತಿಯ ಸೊಳ್ಳೆಯೊಂದನ್ನು ಕಂಡುಹಿಡಿದರು. ವಿಜ್ಞಾನಿಗಳು ಅದಕ್ಕೆ ಅನಾಫಿಲಿಸ್ ಏಟ್ಕನೈ ಎಂದು ಹೆಸರಿಟ್ಟರು. ಅಪೂರ್ವ ಪ್ರಾಣಿಗಳ ಹಿಂದೆ ಓಡಿದವರ ಹೆಸರು ಸುಂದರವಾದ ಹಕ್ಕಿಗಳಿಗೆ ಅಂಟಿಕೊಂಡಿದೆ. ಇವರ ಹೆಸರು ಸೊಳ್ಳೆಗೆ. ಇದನ್ನು ಕೇಳಿ ಅವರೇ ಎಲ್ಲರಿಗಿಂತ ಹೆಚ್ಚು ನಕ್ಕಿರಬೇಕು.

1903ರಲ್ಲಿ ಸಿಂಧ ಪ್ರಾಂತದ ಸುಂಕ ಮತ್ತು ಉಪ್ಪಿನ ಮುಖ್ಯಾಧಿಕಾರಿಯಾಗಿ ಕರಾಚಿಗೆ ಹೋದರು. ಅದರ ಹಿಂದಿನ ವರ್ಷವಷ್ಟೇ ಭಾರತ ಸರಕಾರವು ಕಾಡುಹಕ್ಕಿಗಳ ಚರ್ಮ, ಗರಿಗಳನ್ನು ಹೊರದೇಶಕ್ಕೆ ಸಾಗಿಸುವುದನ್ನು ನಿಷೇಧಿಸಿತ್ತು. ಯೂರೋಪಿನ ಹೆಂಗಸರ ಟೋಪಿಗಳಿಗಾಗಿ ಬೆಳ್ಳಕ್ಕಿಗಳ ಗರಿ ಹಡಗು ಹಡಗಾಗಿ ಹೋಗುತ್ತಿದ್ದ ಕಾಲವದು. ಬಂದರಿನಲ್ಲಿ ಆ ನಿಷೇಧವನ್ನು ನಡೆಸಬೇಕಾದದ್ದು ಸುಂಕದವರೇ. ಆಜ್ಞೆಯಲ್ಲಿ ಒಂದು ವಿನಾಯಿತಿಯಿತ್ತು: ಪ್ರಕೃತಿವಿಜ್ಞಾನದ ಮಾದರಿಗಳೆಂದು ಪ್ರಾಮಾಣಿಕವಾಗಿ ಕಳುಹುವುದಕ್ಕೆ ಅಡ್ಡಿಯಿಲ್ಲ. ಟೋಪಿಗೆ ಕೊಂದರೆ ಅಪರಾಧ, ಕಪಾಟಿಗೆ ಕೊಂದರೆ ವಿದ್ಯೆ. ಆ ಭೇದದಲ್ಲಿ ಹುರುಳಿಲ್ಲವೆನ್ನಲಾಗದು. ಕಪಾಟಿನ ಚರ್ಮಗಳಿಂದಲೇ ನಮ್ಮ ಹಕ್ಕಿಗಳ ವಿಷಯ ನಮಗೆ ತಿಳಿದದ್ದು. ಆದರೆ ವಿದ್ಯೆಯ ಹೆಸರಿನಲ್ಲಿ ಸಿಕ್ಕ ವಿನಾಯಿತಿ ಎಷ್ಟು ಅಗಲಕ್ಕೆ ಬೇಕಾದರೂ ಹಿಗ್ಗುತ್ತದೆ. ಇಂದಿನ ಕ್ಯಾಮರಾದವರು ಮಾತನಾಡುವಾಗಲೂ ದಾಖಲೆ, ಜಾಗೃತಿ ಎಂಬ ಮಾತುಗಳು ಅಷ್ಟೇ ಸಲೀಸಾಗಿ ಬರುತ್ತವೆ.

ಸಿಂಧದ ಗೆಜೆಟಿಯರನ್ನು ಸಂಕಲಿಸಿ, 1906ರಲ್ಲಿ ನಿವೃತ್ತರಾಗಿ, ಏಟ್ಕನ್ನರು ಎಡಿನ್‌ಬರೋ ನಗರಕ್ಕೆ ಹೋದರು. 1909ರ ಎಪ್ರಿಲ್‌ನಲ್ಲಿ ಅಲ್ಲಿಯೇ ತೀರಿಕೊಂಡರು. ಸಾತಾರೆಯಲ್ಲಿ ಹುಟ್ಟಿದವರಿಗೆ ಆ ಊರು ತವರೋ ಪರದೇಶವೋ ಹೇಳುವುದು ಕಷ್ಟ. ಜೊತೆಗಾರರಲ್ಲಿ ಬೆಲ್ ಮಾತ್ರ ನಿವೃತ್ತಿಯ ಮೇಲೆ ಕಾರವಾರವನ್ನೇ ಆರಿಸಿಕೊಂಡು, 1948ರಲ್ಲಿ ಇಲ್ಲಿಯೇ ಮಡಿದರು.

ಅವರು ತೀರಿಕೊಳ್ಳುವ ಹಿಂದಿನ ವರ್ಷ, 1908ರಲ್ಲಿ, ಹಳದಿ ಕತ್ತಿನ ಗುಬ್ಬಿಯೊಂದನ್ನು ಏರ್‌ಗನ್ನಿನಿಂದ ಹೊಡೆದ ಹುಡುಗನೊಬ್ಬನು ಅದು ಯಾವ ಹಕ್ಕಿಯೆಂದು ಕೇಳಲು ಸೊಸೈಟಿಯ ಮೆಟ್ಟಲೇರಿದನು. ಅವನೇ ಸಾಲಿಂ ಅಲಿ. ವಿಲಿಯಂ ಆಗ ಅದೇ ಕೋಣೆಗಳಲ್ಲಿತ್ತು. ಸಾಲಿಂ ಅಲಿಯವರೂ ಮುಂದೆ ವಿಜ್ಞಾನಕ್ಕಾಗಿ ಹಕ್ಕಿಗಳನ್ನು ಹೊಡೆದವರೇ, ಅದನ್ನವರು ಮರೆಮಾಚಲಿಲ್ಲ. ಆದರೆ 1940ರ ದಶಕದಲ್ಲಿ ಏಟ್ಕನ್ನರ ಸಾಮಾನ್ಯ ಹಕ್ಕಿಗಳ ಪುಸ್ತಕವನ್ನು ಟಿಪ್ಪಣಿಗಳೊಡನೆ ಮರಳಿ ಹೊರತಂದವರೂ ಅವರೇ.

1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಲ್ಲಿ ಬೇಟೆ ಎಂಬ ಮಾತಿಗೆ ಕೊಟ್ಟ ಅರ್ಥವು ವಿಶಾಲವಾಗಿದೆ. ಕಾಡುಹಕ್ಕಿಯ ಮೊಟ್ಟೆಗೆ ಕೇಡು ಮಾಡುವುದು ಮಾತ್ರವಲ್ಲ, ಮೊಟ್ಟೆಯನ್ನಾಗಲಿ ಗೂಡನ್ನಾಗಲಿ ಕಲಕುವುದೂ ಅದರ ಪ್ರಕಾರ ಬೇಟೆಯೇ. 2011ರಲ್ಲಿ ಕಾಳೀ ಕೊಳ್ಳದ ಕಾಡನ್ನು ದಾಂಡೇಲಿ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಎಂದು ಸಾರಿದ ಮೇಲೆ ಮಂಗಟ್ಟೆಗಳಿಗೆ ಹೆಸರು ಬಂದಿತು. ಹೆಸರಿನ ಹಿಂದೆಯೇ ಮಸೂರಗಳೂ ಬಂದವು. ಅವರಲ್ಲಿ ಗೂಡಿನ ಮರದ ಜಾಗವನ್ನು ಸಾಯುವವರೆಗೂ ಬಾಯಿಬಿಡದವರನ್ನು ನಾವು ಬಲ್ಲೆವು. ಅದೇ ಜಾಗವನ್ನು ಹಣಕ್ಕೆ ಹೇಳುವವರು, ಹಕ್ಕಿಯ ಕೂಗನ್ನು ಯಂತ್ರದಲ್ಲಿ ಕೇಳಿಸಿ ಹಗೆಯ ಭ್ರಮೆ ಹುಟ್ಟಿಸಿ ಕರೆಯುವವರು, ನೋಟಕ್ಕೆ ಅಡ್ಡಬಂದ ಕೊಂಬೆಯನ್ನು ಕಡಿದು ಗೂಡನ್ನು ಬಿಸಿಲಿಗೂ ಕಾಗೆಗೂ ಒಡ್ಡುವವರು ಇದ್ದಾರೆಂಬುದನ್ನೂ ಬಲ್ಲೆವು. ಅಳಿವೆಯ ಮರಳುದಿಬ್ಬದಲ್ಲಿ ಚಳಿಗಾಲ ಕಳೆಯಲು ಬಂದ ಸಣ್ಣ ಗೊರವಗಳ ಹಿಂಡನ್ನು ಹಾರಿಸಿ ಚಿತ್ರ ತೆಗೆಯುವುದೂ ನಿರುಪದ್ರವಿ ವಿನೋದವಲ್ಲ. ಮರುಪಯಣಕ್ಕೆಂದು ಅವು ಕಾಳು ಕಾಳಾಗಿ ಕೂಡಿಟ್ಟ ಕೊಬ್ಬು ಆ ಒಂದೊಂದು ಹಾರಾಟದಲ್ಲಿಯೂ ಕರಗುತ್ತದೆ.

ದೇವಬಾಗದ ಆ ಮುಂಜಾವದಲ್ಲಿ ನಾವು ಗಡಿಯಾರವನ್ನು ನೋಡಿಕೊಂಡೆವು. ಹಕ್ಕಿ ಎದ್ದಾಗ ಒಂಬತ್ತು ಹೊಡೆದು ಇಪ್ಪತ್ತು ನಿಮಿಷ. ಅದು ಗಾಳಿಮರಗಳ ಮೇಲೆ ಎರಡು ಸುತ್ತು ಬಂದು, ಬಾತಿನಂತೆ ಗದ್ದಲವೆಬ್ಬಿಸಿ, ಕಡಲಿನ ಮೇಲೆ ದೂರ ಹೋಯಿತು. ಛಾಯಾಗ್ರಾಹಕರು ತೆಗೆದ ಚಿತ್ರಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು, ಚಹ ಕುಡಿದು, ಮತ್ತೊಂದು ಹಾರಾಟಕ್ಕಾಗಿ ಅಲ್ಲಿಯೇ ಕಾದರು. ಗೂಡಿನ ಮೇಲೆ ಬಿಸಿಲು ಏರುತ್ತಿತ್ತು. ಒಳಗೆ ಮೊಟ್ಟೆಯಿತ್ತೋ ಮರಿಯಿತ್ತೋ ನೆಲದ ಮೇಲೆ ನಿಂತವರಿಗೆ ಕಾಣುವಂತಿರಲಿಲ್ಲ. ಹನ್ನೊಂದೂವರೆಗೆ ಅವರ ದೋಣಿ ಹೊರಟಿತು. ಅದು ಕೋಡಿಬಾಗದ ದಂಡೆಯನ್ನು ಮುಟ್ಟಿದ ಮೇಲೆ, ಹನ್ನೆರಡಕ್ಕೆ ಸ್ವಲ್ಪ ಮುಂಚೆ, ಹಕ್ಕಿ ಕೂರ್ಮಗಡದ ಕಡೆಯಿಂದ ತಗ್ಗಿನಲ್ಲಿ ಹಾರುತ್ತ ಬಂದು ಗೂಡಿಗೆ ಇಳಿಯಿತು.